ಟೈಲರಿಂಗ್ ಶೆಡ್ಡಿಗೆ ಬಂದ ಟೇಲರ್

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಹೊಲಿಗೆ ಶೆಡ್ ಇದೆ. ಹನ್ನೆರಡು ಮೆಷಿನ್. ಶಾಲೆ ಯೂನಿಫಾರ್ಮ್ ನಮ್ಮ ಕೆಲಸ, ಹಾಗಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಊಟಕ್ಕೂ ಪುರುಸೊತ್ತಿರಲ್ಲ. ಕರೆಸ್ಪಾಂಡೆನ್ಸ್‌ನಲ್ಲಿ ಎಂಬಿಎ ಕಟ್ಟಿದ್ದ ವರ್ಷ, ಪರೀಕ್ಷೆಗೆ ಓದಿದ್ದನ್ನೆಲ್ಲ ಶೆಡ್ಡಿನಲ್ಲೇ ಮಾಡಿ ನೋಡುವ ಹುಚ್ಚು ಹತ್ತಿತು.

ಮೊದಲು ಹಿಡಿದದ್ದು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್‌ನನ್ನು. ಗಡಿಯಾರ ಹಿಡಿದು ಕೆಲಸ ಅಳೆದವನು, 1911ರಲ್ಲಿ ಅದನ್ನೇ ಪುಸ್ತಕ ಮಾಡಿದವನು. ನಾನೂ ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಕಾಲರ್ ಹೊಲಿಯುವವರ ಪಕ್ಕ ನಿಂತೆ. ಒಂದು ಕಾಲರ್‌ಗೆ ಆರು ನಿಮಿಷ. ಅದರಲ್ಲಿ ಹೊಲಿಗೆಗಿಂತ ಬಗ್ಗಿ ನೆಲದ ಬಂಡಲ್ ಎತ್ತಿಕೊಳ್ಳುವುದೇ ಜಾಸ್ತಿ! ಎಡಗೈ ಪಕ್ಕ ಒಂದು ಸ್ಟೂಲ್ ಇಟ್ಟೆ. ನಾಲ್ಕೂವರೆಗೆ ಇಳಿಯಿತು. ಸಲಿಕೆಗೆ ಒಂದು ಸಲಕ್ಕೆ 21 ಪೌಂಡ್ ತುಂಬಿದರೆ ದಿನದ ಕೆಲಸ ಹೆಚ್ಚಾಗುತ್ತೆ ಅಂತ ಟೇಲರ್ ಕಂಡುಕೊಂಡಿದ್ದೂ ಇಂಥದ್ದೇ. ಇಷ್ಟರಮಟ್ಟಿಗೆ ಅವನನ್ನು ಬೈಯಲು ನನಗೆ ಮನಸ್ಸಿಲ್ಲ.

ಎಡವಿದ್ದು ಆಮೇಲೆ. ದಿನಕ್ಕೆ ತಲೆಗೆ ಹತ್ತು ಶರ್ಟ್ ದಾಟಿದರೆ ಪೀಸಿಗಿಷ್ಟು ಬೋನಸ್ ಅಂದೆ. ಒಂದು ವಾರ ಏರಿತು. ಮುಂದೆ ಎಲ್ಲರದ್ದೂ ಹನ್ನೊಂದಕ್ಕೆ ನಿಂತಿತು. ಯಾರದ್ದೂ ಹನ್ನೆರಡಿಲ್ಲ.

ಸಂಜೆ ನಾಲ್ಕಕ್ಕೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಹಿರಿಯ ಅಕ್ಕ ಒಬ್ಬರು ಬಾಯಿಬಿಟ್ಟರು. "ಈಗ ಹದಿನಾಲ್ಕು ಮಾಡಿದ್ರೆ ಮುಂದಿನ ಸೀಸನ್‌ಗೆ ಹದಿನಾಲ್ಕೇ ದಿನದ ಕೆಲ್ಸ ಅಂತೀರಲ್ಲಣ್ಣ? ಆ ಹೊಸ ಹುಡುಗಿ ಕೈ ಇನ್ನೂ ಕೂತಿಲ್ಲ. ನಾವು ಓಡಿದ್ರೆ ಅದರ ಗತಿ?"

ಮೈ ಜುಮ್ಮೆಂದಿತು. ಹಿಂದಿನ ವಾರವಷ್ಟೇ ಇದನ್ನೇ ಓದಿದ್ದೆ! ಶಿಕಾಗೋ ಹತ್ತಿರದ ಹಾಥಾರ್ನ್ ಟೆಲಿಫೋನ್ ಉಪಕರಣ ಕಾರ್ಖಾನೆಯ ಪ್ರಯೋಗಗಳು, ಪ್ರೊಫೆಸರ್ ಎಲ್ಟನ್ ಮೇಯೊ ಹೆಸರಿನ ಜೊತೆ ಹೇಳುತ್ತಾರಲ್ಲ, ಅವು. ಅಲ್ಲಿ 1931-32ರಲ್ಲಿ ವೈರಿಂಗ್ ಕೋಣೆಯೊಂದರ 14 ಗಂಡಸರನ್ನು ಗಮನಿಸಿದರು. ಜಾಸ್ತಿ ಮಾಡಿದರೆ ಜಾಸ್ತಿ ದುಡ್ಡು. ಆದರೂ ಎಷ್ಟು ಮಾಡಬೇಕೆಂದು ಅವರೇ ಒಳಗೊಳಗೆ ಗೆರೆ ಹಾಕಿಕೊಂಡಿದ್ದರು. ದಾಟಿದವನ ತೋಳಿಗೆ ಒಂದು ಗುದ್ದು. ನಮ್ಮಲ್ಲಿ ಗುದ್ದಿರಲಿಲ್ಲ, ಒಂದು ನೋಟ ಸಾಕಿತ್ತು.

ಅಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು. ಟೇಲರ್‌ನ ಕಬ್ಬಿಣದ ಕಥೆ ಹೇಳಿದೆ: ಕೂಲಿಯವನು ದಿನಕ್ಕೆ ಹೊರುತ್ತಿದ್ದದ್ದು ಹನ್ನೆರಡೂವರೆ ಟನ್, ಆಮೇಲೆ ನಲವತ್ತೇಳೂವರೆ; ಕೂಲಿ 1.15 ಡಾಲರ್‌ನಿಂದ 1.85ಕ್ಕೆ. "ಹೊರೆ ನಾಕುಪಟ್ಟು, ಕೂಲಿ ಒಂದೂವರೆಪಟ್ಟು ಚಿಲ್ರೆ. ಅಕ್ಕ ಹೇಳಿದ್ರಲ್ಲಿ ತಪ್ಪೇನಿದೆ?" ಅಂದರು. ನನ್ನ ಪ್ರೊಫೆಸರ್ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ನಡುವೆ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮಾತಿನ ಮೇಲೂ ಒಂದು ಪ್ರಯೋಗ ಆಯಿತು. ಸಂಬಳ, ಸೌಕರ್ಯ ಸರಿ ಮಾಡಿದರೆ ಗೊಣಗಾಟ ನಿಲ್ಲುತ್ತೆ, ಉತ್ಸಾಹ ಬರಲ್ಲ ಅನ್ನುತ್ತಾನೆ. ಅವನು ಕೇಳಿದ್ದು ಎಂಜಿನಿಯರ್, ಅಕೌಂಟೆಂಟ್‌ಗಳನ್ನು. ಮೇ ತಿಂಗಳ ದಾವಣಗೆರೆಯಲ್ಲಿ ತಗಡಿನ ಶೆಡ್ಡಿಗೆ ನಾನು ಇನ್ನೆರಡು ಫ್ಯಾನ್ ಹಾಕಿಸಿದಾಗ ಬಂದ ಉತ್ಸಾಹವನ್ನು ಅವನು ನೋಡಬೇಕಿತ್ತು.

ಕೊನೆಗೆ ಮಾಡಿದ್ದು ಇಷ್ಟೇ. ಎರಡು ಸೀಸನ್ ಪೀಸ್ ರೇಟ್ ಇಳಿಸಲ್ಲ, ಹತ್ತರ ಗೆರೆ ಏರಿಸಲ್ಲ ಅಂತ ಹಾಜರಿ ಪುಸ್ತಕದಲ್ಲೇ ಬರೆದು ಸಹಿ ಹಾಕಿದೆ. ಬೋನಸ್ ತಲೆಗಲ್ಲ, ಇಡೀ ಶೆಡ್ಡಿಗೆ. ಯಾರು ಎಲ್ಲಿ ಕೂರಬೇಕು ಅನ್ನೋದನ್ನು ಅವರಿಗೇ ಬಿಟ್ಟೆ. ಅಕ್ಕ ಹೊಸ ಹುಡುಗಿಯನ್ನು ಕಾಲರ್‌ನಿಂದ ಎಬ್ಬಿಸಿ ಗುಂಡಿ ಹಾಕಲು ಕೂರಿಸಿದರು. ಜೂನ್ ಹೊತ್ತಿಗೆ ಇಡೀ ಶೆಡ್ಡಿನದು ದಿನಕ್ಕೆ ನೂರೈವತ್ತು ಶರ್ಟಿನ ಹತ್ತಿರ ಬಂತು. ಸ್ಟಾಪ್‌ವಾಚ್ ತೆಗೆದರೆ ಈಗಲೂ ಎಲ್ಲರ ಕೈ ನಿಧಾನ ಆಗುತ್ತೆ.