ದುಡ್ಡು ಕೇಳಿದ ಮೇಲೆ ಕಂಡ ಬ್ಲೋ ಹೋಲ್

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಪಂಪಿನ ಕೇಸಿಂಗ್, ಇಂಪೆಲ್ಲರ್ ಎರಕ ಹೊಯ್ದು ಕೊಡುತ್ತೇವೆ. ಸ್ಕ್ರ್ಯಾಪಿನವನಿಗೆ ವಾರದೊಳಗೆ ಎಣಿಸಬೇಕು, ಕರೆಂಟ್ ಬಿಲ್ಲಿಗೆ ವಾಯಿದೆ ಇಲ್ಲ, ಫರ್ನೇಸ್ ಮುಂದೆ ನಿಂತವರ ಪಗಾರಕ್ಕಂತೂ ನೆಪವೇ ನಡೆಯದು. ಮಾಲು ಒಯ್ದವರು ಮಾತ್ರ 90 ದಿನ ಅಂತ ಹೇಳಿ 130 ದಿನ ಎಳೆಯುತ್ತಾರೆ. ಜಿಎಸ್‌ಟಿಗೂ ಅವರ ಸಬೂಬು ಗೊತ್ತಿಲ್ಲ. 5 ಲಕ್ಷದ ಬಿಲ್ ಮಾಡಿದರೆ ಅದರ 90 ಸಾವಿರ, ಅವರು ಕೊಡಲಿ ಬಿಡಲಿ, ಮುಂದಿನ ತಿಂಗಳ ರಿಟರ್ನಿನಲ್ಲಿ ನನ್ನ ತಲೆಗೇ.

2024ರ ಫೆಬ್ರವರಿಯಲ್ಲಿ ಒಬ್ಬ ಹಳೇ ಗಿರಾಕಿಯ ಕಡೆ 11 ಲಕ್ಷ ನಿಂತಿತ್ತು. ಅಕೌಂಟ್ಸ್ ಕೋಣೆಯ ಹೊರಗಿನ ಬೆಂಚು ನನಗೆ ಮನೆಯ ಕಟ್ಟೆಯಷ್ಟೇ ಪರಿಚಯ. ಹುಡುಗ ಪ್ರತಿ ಸಲ ಚಹಾ ತರಿಸುತ್ತಿದ್ದ: “ಸಾವ್ಕಾರ್ರ, ಬಿಲ್ ಪಾಸ್ ಆಗೇತ್ರಿ, ಸಹಿ ಒಂದ ಬಾಕಿ. ಬರೂ ವಾರ ಬರ್ರಿ.” ಒಂದು ದಿನ ದನಿ ಏರಿಸಿದೆ. ನಾಲ್ಕೇ ದಿನಕ್ಕೆ ಡೆಬಿಟ್ ನೋಟ್ ಬಂತು: 62 ಕೇಸಿಂಗಿನಲ್ಲಿ ಬ್ಲೋ ಹೋಲ್, 1.4 ಲಕ್ಷ ಕಡಿತ.

ಎರಕದಲ್ಲಿ ಗಾಳಿ ಸಿಕ್ಕಿಕೊಂಡು ತೂತು ಬೀಳುವುದು ಸುಳ್ಳಲ್ಲ, ನಮ್ಮಲ್ಲೂ ಬೀಳುತ್ತದೆ. ಆದರೆ ಆ ಮಾಲು ಹೋಗಿ ನಾಲ್ಕು ತಿಂಗಳಾಗಿತ್ತು. ಯಾವ ಹೀಟ್ ನಂಬರಿನದು, ಅಂದರೆ ಫರ್ನೇಸಿನ ಯಾವ ಸಲದ ಕರಗಿಸಿದ ಲೋಹದ್ದು, ಅಂತ ಕೇಳಿದರೆ ಉತ್ತರವಿಲ್ಲ. ಒಂದು ಪೀಸೂ ವಾಪಸ್ ಬಂದಿರಲಿಲ್ಲ.

ಆ ರಾತ್ರಿ ಚಲನ್ ಫೈಲು ಹರವಿಕೊಂಡು ಕೂತೆ. ನಮ್ಮ ಟೆಂಪೋ ಡ್ರೈವರ್‌ನದೊಂದು ಒಳ್ಳೇ ಚಾಳಿ, ಮಾಲು ಇಳಿಸಿದ ಗೇಟಿನ ಸಿಕ್ಕಾ (ಮೊಹರು), ತಾರೀಖು ಇಲ್ಲದೆ ಗಾಡಿ ಹೊರಳಿಸುವುದಿಲ್ಲ. ಅದೇ ಕೈ ಹಿಡಿಯಿತು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಮಾಲಿನ ಬಗ್ಗೆ ತಕರಾರಿದ್ದರೆ ಮುಟ್ಟಿದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು. ಹೇಳದಿದ್ದರೆ ಮಾಲು ಮುಟ್ಟಿದ ದಿನವೇ ಒಪ್ಪಿಕೊಂಡ ಹಾಗೆ. ಕರಾರಿನಲ್ಲಿ 90 ದಿನ ಅಂತ ಬರೆದಿದ್ದರೂ ಸಣ್ಣ ಉದ್ಯಮಕ್ಕೆ 45 ದಿನ ಮೀರಿಸುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಆಗಿನ 6.75ರ ಲೆಕ್ಕಕ್ಕೆ ವರ್ಷಕ್ಕೆ 20.25 ಟಕ್ಕೆ, ತಿಂಗಳು ತಿಂಗಳು ಚಕ್ರಬಡ್ಡಿ.

ಬಡ್ಡಿ ಕೇಳಲಿಲ್ಲ. ಕೇಳಿದ್ದರೆ ಗಿರಾಕಿಯೂ ಹೋಗುತ್ತಿದ್ದ, ಅಸಲೂ ಕೋರ್ಟು ಕಾಣುತ್ತಿತ್ತು. ಇಂಥ ಬಾಕಿಯ ದೂರು ಕೊಡುವ ಸರ್ಕಾರದ ಸಮಾಧಾನ್ ಪೋರ್ಟಲಿಗೂ ಹೋಗಲಿಲ್ಲ. ಮಾರ್ಚ್ ಮೊದಲ ವಾರ ಬಿಲ್ಲುಗಳ ಪಟ್ಟಿ, ಸಿಕ್ಕಾ ಬಿದ್ದ ಚಲನ್, ಸಣ್ಣ ಉದ್ಯಮ ಅಂತ ನೋಂದಾಯಿಸಿದ ನಮ್ಮ ಉದ್ಯಮ್ ಸರ್ಟಿಫಿಕೇಟು ಸೇರಿಸಿ ಮಾಲೀಕರಿಗೊಂದು, ಅವರ ಆಡಿಟರಿಗೊಂದು ಪ್ರತಿ ಕಳಿಸಿದೆ. ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಮು ಆ ವರ್ಷವೇ ಜಾರಿಗೆ ಬಂದಿತ್ತು. ಗಡುವು ದಾಟಿದ ನಮ್ಮ ಬಾಕಿಯನ್ನು ಮಾರ್ಚ್ 31ರೊಳಗೆ ಚುಕ್ತಾ ಮಾಡದಿದ್ದರೆ ಅವರಿಗೆ ಆ ವರ್ಷ ಅದು ಖರ್ಚೇ ಅಲ್ಲ, ಅಷ್ಟಕ್ಕೂ ತೆರಿಗೆ. ನನ್ನ ಬೆಂಚು ಮಾಡದ ಕೆಲಸ ಆಡಿಟರಿನ ಒಂದು ಫೋನು ಮಾಡಿತು. 28ಕ್ಕೆ 9.6 ಲಕ್ಷ ಜಮಾ.

ಪರ್ಚೇಸ್‌ನವರು ಆಮೇಲೆ ಮೆಲ್ಲಗೆ ಹೇಳಿದರು, “ಬಿಲ್ ಮ್ಯಾಲ ಉದ್ಯಮ್ ನಂಬರ್ ಹಾಕಬ್ಯಾಡ್ರಿ.” ಈಗ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಅಂದಹಾಗೆ, ಮಾಲು ಕೊಂಡು ಮಾರುವ ವ್ಯಾಪಾರಿಗಳಿಗೆ ಈ 45 ದಿನದ ಆಸರೆ ಇಲ್ಲ. ನಮ್ಮ ಸ್ಕ್ರ್ಯಾಪಿನವನು ಅದಕ್ಕೇ ಅಷ್ಟು ಬಿಗಿ.

ಸಾಲದ ಮಿತಿಯನ್ನೂ ಗೋಡೆಗೆ ಬರೆದು ಹಾಕಿದ್ದೇನೆ. ಒಬ್ಬನೇ ಗಿರಾಕಿಗೆ ನಮ್ಮ ಮಾಲಿನ ಕಾಲುಭಾಗಕ್ಕಿಂತ ಹೆಚ್ಚಿಲ್ಲ. 60 ದಿನ ದಾಟಿದರೆ ಅವರ ಪ್ಯಾಟರ್ನು (ಅಚ್ಚು ತೆಗೆಯುವ ಮಾದರಿ) ರ್‍ಯಾಕಿನಲ್ಲೇ ಮಲಗುತ್ತದೆ. ಪ್ಯಾಟರ್ನು ಅವರದು, ಕೇಳಿದರೆ ಕೊಡಲೇಬೇಕು. ಆದರೆ ಹೊಸ ಮೌಲ್ಡ್ ಹೊಡೆಯುವುದು ಬಿಡುವುದು ನನ್ನ ಕೈಯಲ್ಲಿದೆ. ದೊಡ್ಡ ಕಂಪನಿಯೊಂದರ ಬಿಲ್ಲುಗಳನ್ನು, ಬಾಕಿ ಬಿಲ್ ಮೇಲೆ ಬ್ಯಾಂಕಿನಿಂದ ಹಣ ಎತ್ತುವ ಆನ್‌ಲೈನ್ ವೇದಿಕೆಯಾದ ಟಿಆರ್‌ಇಡಿಎಸ್‌ಗೆ ಹಾಕುತ್ತೇನೆ. ಅವರು ಬಿಲ್ ಒಪ್ಪಿಕೊಂಡರೆ ಬ್ಯಾಂಕು ಬಡ್ಡಿ ಮುರಿದುಕೊಂಡು ಮೊದಲೇ ಕೊಡುತ್ತದೆ. ನಾಳೆ ಅವರು ಕಟ್ಟದಿದ್ದರೂ ನನ್ನ ಬೆನ್ನು ಹತ್ತುವುದಿಲ್ಲ.

ಆ 1.4 ಲಕ್ಷ ಇನ್ನೂ ಖಾತೆಯಲ್ಲಿದೆ. ಮೊನ್ನೆ ಹೋದಾಗ ಹುಡುಗ ಚಹಾ ತರಿಸಿದ.