ವೇದಿಕೆಗೆ ಲ್ಯಾಪ್‌ಟಾಪ್ ಯಾಕೆ? ಪ್ಲಗಿನ್ ಪೆಟ್ಟಿಗೆ ಹೀಗೆ ಬಳಸಿ

ಮಳೆ ನಿಂತರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ರಸಮಂಜರಿ, ನಾಟಕ, ಭಜನೆ ಶುರುವಾಗುತ್ತವೆ. ಕೀಬೋರ್ಡ್ ನುಡಿಸುವ ಹುಡುಗರು ಈಗ ಲ್ಯಾಪ್‌ಟಾಪ್ ಬಿಟ್ಟು ಚಿಕ್ಕ ಪ್ಲಗಿನ್ ಪೆಟ್ಟಿಗೆ ಹಿಡಿದು ಬರುತ್ತಿದ್ದಾರೆ. ಒಳ್ಳೆಯದೇ. ಆದರೆ ಕುಮಟಾ ಕಡೆಯ ಒಂದು ಕಾರ್ಯಕ್ರಮದಲ್ಲಿ ನಾನು ನೋಡಿದ್ದನ್ನು ಹೇಳಬೇಕು. ಮೂರನೆಯ ಹಾಡಿಗೆ ಕೊಳಲಿನ ನಾದ ಬೇಕಿತ್ತು. ಹುಡುಗ ಗುಂಡಿ ತಿರುಗಿಸಿದ. ಪರದೆಯಲ್ಲಿ ಪುಟ್ಟ ಗೆರೆ ನಿಧಾನವಾಗಿ ಬಲಕ್ಕೆ ಸರಿಯುತ್ತಿತ್ತು. ಅವನ ಎರಡೂ ಕೈ ಕೀಗಳ ಮೇಲೆ ಸುಮ್ನೆ ಕಾಯುತ್ತಿದ್ದವು. ಗೆರೆ ತುದಿ ಮುಟ್ಟುವಷ್ಟರಲ್ಲಿ ಗಾಯಕಿ ಪಲ್ಲವಿ ಮುಗಿಸಿದ್ದರು. ಮನೆಯಲ್ಲಿ ಆಗಬೇಕಿದ್ದ ಕೆಲಸ ವೇದಿಕೆಯ ಮೇಲೆ ಬಂದರೆ ಹೀಗೇ ಆಗುತ್ತದೆ.

ಮೊದಲು ಇದೇನೆಂದು ತಿಳಿದುಕೊಳ್ಳಿ. ಕಂಪ್ಯೂಟರಿನಲ್ಲಿ ಓಡುವ ಸಿಂಥಸೈಜರ್, ಪಿಯಾನೊ, ಆರ್ಗನ್‌ಗಳ ತಂತ್ರಾಂಶಕ್ಕೆ ಪ್ಲಗಿನ್ ಎನ್ನುತ್ತೇವೆ. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ಎಂಬ ಮಾದರಿ ತಂದಿತು. 1999ರಿಂದ ಅದರಲ್ಲಿ ವಾದ್ಯಗಳೂ ಬಂದವು. ಇವನ್ನು ಕಂಪ್ಯೂಟರ್ ಇಲ್ಲದೆ ನುಡಿಸಲು ಮಾಡಿದ್ದೇ ಈ ಪೆಟ್ಟಿಗೆ. ಒಂದು ಕಡೆ ಕೀಬೋರ್ಡ್ ಸಿಕ್ಕಿಸಿ, ಇನ್ನೊಂದು ಕಡೆಯಿಂದ ಮಿಕ್ಸರಿಗೆ ತಂತಿ ಕೊಡಿ, ಅಷ್ಟೇ. ಆದರೂ ಒಳಗಿರುವುದು ಒಂದು ಕಂಪ್ಯೂಟರೇ. ಅದಕ್ಕೂ ದಣಿವಾಗುತ್ತದೆ, ಅದೂ ಹ್ಯಾಂಗ್ ಆಗುತ್ತದೆ.

ಯಾವುದನ್ನು ಕೊಳ್ಳಬೇಕು? ರಿಸೆಪ್ಟರ್, ವಿ-ಮಷಿನ್ ಎಂಬ ಹೆಸರುಗಳನ್ನು ಹಳಬರು ಹೇಳುತ್ತಾರೆ. ಅವುಗಳ ತಯಾರಿಕೆ ನಿಂತಿದೆ. ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಳ್ಳಬೇಡಿ, ಇಂದಿನ ಹೆಚ್ಚಿನ ಪ್ಲಗಿನ್‌ಗಳು ಅವುಗಳಲ್ಲಿ ಓಡುವುದಿಲ್ಲ. ಹೊಸಬರಿಗೆ ನನ್ನ ಸಲಹೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಅದರ ಮೇಲೆ ಓಡುವ ಝಿಂಥಿಯಾನ್ ತಂತ್ರಾಂಶ ಉಚಿತ, ಸಿಂಥ್‌ಗಳೂ ಜತೆಗೇ ಬರುತ್ತವೆ. ಒಂದು ಮಾತು ನೆನಪಿರಲಿ: ಪೈಯಲ್ಲಿರುವುದು ಆರ್ಮ್ ಪ್ರೊಸೆಸರ್, ಅದರ ಮೇಲೆ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್. ವಿಂಡೋಸ್‌ಗೆಂದು ಮಾಡಿದ ಪ್ಲಗಿನ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಸುರಿದರೆ ಅದು ಓಡುವುದಿಲ್ಲ. ಆರ್ಮ್ ಲಿನಕ್ಸ್‌ಗೆಂದೇ ಮಾಡಿದ್ದು ಬೇಕು. ಕದ್ದ ಪ್ಲಗಿನ್ ಎಲ್ಲೂ ಬೇಡ. ನಡುವೆ ಕೈಕೊಟ್ಟರೆ ಕೇಳಲು ಯಾರೂ ಇರುವುದಿಲ್ಲ.

ಕರೆಂಟಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಪೈ 5ಕ್ಕೆ 5 ಆಂಪಿಯರ್. ಕೈಗೆ ಸಿಕ್ಕ ಮೊಬೈಲ್ ಚಾರ್ಜರ್ ಹಾಕಿದರೆ ವೋಲ್ಟೇಜ್ ಇಳಿದು ಪ್ರೊಸೆಸರ್ ನಿಧಾನವಾಗುತ್ತದೆ. ಸ್ಪೀಕರಿನಲ್ಲಿ ಚಟಪಟ ಸದ್ದು ಬರುತ್ತದೆ. ಜನ ಪ್ಲಗಿನ್‌ಗೆ ಬೈಯುತ್ತಾರೆ, ತಪ್ಪು ಚಾರ್ಜರಿನದ್ದು. ಪೈ 4ರಲ್ಲಿ ಇಯರ್‌ಫೋನ್ ತೂತು ಇದೆಯೆಂದು ಅದರಿಂದಲೇ ಮಿಕ್ಸರಿಗೆ ಕೊಡುವುದೂ ಬೇಡ, ಅದರ ಗುಣಮಟ್ಟ ಸಾಲದು. ಸದ್ದನ್ನು ಹೊರಗೆ ಕೊಡಲು ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಹಾಕಿ. ನೀವು ಒತ್ತಿದ ಕೀಗಳ ಸಂದೇಶವನ್ನು ಪೆಟ್ಟಿಗೆಗೆ ತಲುಪಿಸುವ ಯುಎಸ್‌ಬಿ-ಮಿಡಿ ತಂತಿಯಲ್ಲೂ ತೀರಾ ಅಗ್ಗದ್ದು ಬೇಡ. ನಾನು ಕೊಂಡ ಒಂದು ಅಂಥ ತಂತಿ ನಾಲ್ಕು ಬೆರಳಿನ ಸ್ವರ ಒತ್ತಿದರೆ ಮೂರನ್ನೇ ಒಳಗೆ ಬಿಡುತ್ತಿತ್ತು. ನಿಮ್ಮ ಕೀಬೋರ್ಡಿಗೆ ಯುಎಸ್‌ಬಿ ಇದ್ದರೆ ನೇರ ಅದನ್ನೇ ಬಳಸಿ.

ಇನ್ನು ಎಲ್ಲರೂ ಎಡವುವ ಜಾಗ: ಪ್ಯಾಚ್ ಕಟ್ಟುವುದು, ಅಂದರೆ ಹಾಡಿಗೆ ಬೇಕಾದ ನಾದವನ್ನು ಹೊಂದಿಸಿ ಉಳಿಸಿಡುವುದು. ಇದಕ್ಕೆ ಎರಡು ಸಂಜೆ ಮೀಸಲಿಡಿ.

ಹಾಡುಗಳ ಪಟ್ಟಿ ಬರೆದುಕೊಳ್ಳಿ. ಪ್ರತಿ ಹಾಡಿಗೆ ಯಾವ ನಾದ, ಎಡಗೈಗೆ ಏನು, ಬಲಗೈಗೆ ಏನು, ಎಲ್ಲವೂ ಕಾಗದದ ಮೇಲಿರಲಿ. ನೂರು ಪ್ಯಾಚ್ ತುಂಬಿಸುವ ಆಸೆ ಬೇಡ. ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಹತ್ತು ಹನ್ನೆರಡು ಧಾರಾಳ ಸಾಕು. ಈ ಎಲ್ಲವೂ ಪೆಟ್ಟಿಗೆ ಶುರುವಾದಾಗಲೇ ಮೆಮೊರಿಗೆ ಬಂದು ಕೂತಿರಬೇಕು. ಆಮೇಲೆ ಹಾಡಿನ ನಡುವೆ ನೀವು ಬದಲಿಸುವುದು ಯಾವುದು ಕೇಳಿಸಬೇಕು ಎಂಬುದನ್ನು ಮಾತ್ರ. ಕುಮಟಾದ ಹುಡುಗ ಮಾಡಿರದಿದ್ದುದು ಇದನ್ನೇ. ನಿಜವಾದ ವಾದ್ಯದ ಧ್ವನಿಮುದ್ರಣದಿಂದ ಮಾಡಿದ ದೊಡ್ಡ ಸ್ಯಾಂಪಲ್ ಪಿಯಾನೊ ಹಾಕಿದರೆ ಮೆಮೊರಿ ಅಲ್ಲೇ ತುಂಬಿಹೋಗುತ್ತದೆ. ಬಯಲಿನಲ್ಲಿ ಕೇಳುವವರಿಗೆ ಚಿಕ್ಕ ಪಿಯಾನೊಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಚಿಕ್ಕದನ್ನೇ ಹಾಕಿ.

ಮುಂದಿನದು ಬಫರ್. ಪೆಟ್ಟಿಗೆ ಸದ್ದನ್ನು ತುಂಡು ತುಂಡಾಗಿ ತಯಾರಿಸಿ ಕಳಿಸುತ್ತದೆ. ಒಂದು ತುಂಡು ಎಷ್ಟು ದೊಡ್ಡದು ಎಂಬುದೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಇಟ್ಟರೆ, 256ರ ಬಫರಿಗೆ ಸುಮಾರು 5.3 ಮಿಲಿಸೆಕೆಂಡ್ ತಡ, 128ಕ್ಕೆ 2.7, 1024ಕ್ಕೆ 21. ಇದರ ಮೇಲೆ ಇಂಟರ್‌ಫೇಸ್ ಇನ್ನಷ್ಟು ಸೇರಿಸುತ್ತದೆ. 1024 ಇಟ್ಟರೆ ಬೆರಳು ಮುಂದೆ, ಸ್ವರ ಹಿಂದೆ. ತಬಲಾ ಜತೆ ಕೂರಲಾಗುವುದಿಲ್ಲ. ಹಾಗಂತ 64ಕ್ಕೆ ಇಳಿಸುವ ಹಟವೂ ಬೇಡ, ಪ್ರೊಸೆಸರಿಗೆ ಉಸಿರಾಡಲು ಸಮಯ ಸಿಗದೆ ಚಟಪಟ ಶುರುವಾಗುತ್ತದೆ. ಮೂರೂವರೆ ಮೀಟರ್ ದೂರದ ಸ್ಪೀಕರಿನಿಂದ ಸದ್ದು ಕಿವಿಗೆ ಬರಲೇ ಸುಮಾರು 10 ಮಿಲಿಸೆಕೆಂಡ್ ಬೇಕು, ಅದಕ್ಕೆ ನಾವೆಲ್ಲ ಹೊಂದಿಕೊಂಡಿಲ್ವಾ? 256ರಿಂದ ಶುರು ಮಾಡಿ.

ಈಗ ಪರೀಕ್ಷೆ. ಅತಿ ಭಾರದ ಪ್ಯಾಚ್ ತೆಗೆಯಿರಿ. ಸಾಮಾನ್ಯವಾಗಿ ಅದು ರಿವರ್ಬ್, ಅಂದರೆ ಸಭಾಂಗಣದಂಥ ಅನುರಣನ, ತುಂಬಿದ ಸ್ಟ್ರಿಂಗ್ಸ್ ಆಗಿರುತ್ತದೆ. ಸಸ್ಟೇನ್ ಪೆಡಲ್ ಒತ್ತಿ ಹಿಡಿದು ಎರಡೂ ಕೈಯಿಂದ ಒಂದಾದ ಮೇಲೊಂದು ಕಾರ್ಡ್ ನುಡಿಸಿ. ಪೆಡಲ್ ಬಿಡದಿದ್ದರೆ ಹಳೆಯ ಸ್ವರಗಳೆಲ್ಲ ಒಳಗೆ ಇನ್ನೂ ಓಡುತ್ತಿರುತ್ತವೆ, ಹೊರೆ ಏರುತ್ತಲೇ ಹೋಗುತ್ತದೆ. ಸಿಪಿಯು, ಅಂದರೆ ಪ್ರೊಸೆಸರಿನ ಹೊರೆ, 70 ಶೇಕಡಾ ದಾಟಿದರೆ ಆ ಪ್ಯಾಚ್ ವೇದಿಕೆಗೆ ಬೇಡ. ಒಮ್ಮೆಗೆ ಎಷ್ಟು ಸ್ವರ ಎಂಬ ಮಿತಿಯನ್ನು 24ಕ್ಕೋ 32ಕ್ಕೋ ಇಳಿಸಿ, ರಿವರ್ಬ್ ಅರ್ಧ ಮಾಡಿ, ಮತ್ತೆ ನುಡಿಸಿ. ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಇಲ್ಲದ ಪೆಟ್ಟಿಗೆ ಇನ್ನೂ ಬೇಗ ಬಳಲುತ್ತದೆ. ಹಾಗಾಗಿ ಈ ಪರೀಕ್ಷೆ ಒಂದೆರಡು ನಿಮಿಷದ್ದಲ್ಲ, ಅರ್ಧ ಗಂಟೆಯದ್ದು.

ಆಮೇಲೆ ಸದ್ದಿನ ಮಟ್ಟ. ಕೊಳಲು ಸಣ್ಣಗೆ, ಮುಂದಿನ ಹಾಡಿನ ಬ್ರಾಸ್ ಕಿವಿ ಹರಿಯುವಷ್ಟು. ಇದನ್ನು ಸೌಂಡ್‌ನವರ ಮೇಲೆ ಬಿಡಬೇಡಿ. ಎಲ್ಲ ಪ್ಯಾಚ್‌ಗಳಲ್ಲೂ ಒಂದೇ ಕಾರ್ಡನ್ನು ಒಂದೇ ಒತ್ತಿನಲ್ಲಿ ನುಡಿಸಿ, ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ಬರುವಂತೆ ಮಾಡಿ. ಕೊನೆಗೆ ಕಣ್ಣು ಮುಚ್ಚಿ ಕಿವಿಯಿಂದ ತಿದ್ದಿ. ಒಮ್ಮೆ ಮೋನೊದಲ್ಲೂ, ಅಂದರೆ ಎಡ ಬಲ ಒಂದಾಗಿಸಿಯೂ, ಕೇಳಿ. ನಮ್ಮ ಕಡೆ ಜಾಸ್ತಿ ಕಾರ್ಯಕ್ರಮಗಳಲ್ಲಿ ಕೀಬೋರ್ಡಿಗೆ ಸಿಗುವುದು ಒಂದೇ ಚಾನೆಲ್. ಹೆಡ್‌ಫೋನಿನಲ್ಲಿ ಹರಡಿಕೊಂಡು ಚಂದ ಕೇಳಿಸಿದ ಕೋರಸ್ ಎಫೆಕ್ಟ್, ಎಡ ಬಲ ಸೇರಿದಾಗ ಒಂದನ್ನೊಂದು ತಿಂದು ಸಪ್ಪೆಯಾಗುತ್ತದೆ.

ಭಜನೆಗೆ ಹೋಗುವುದಾದರೆ ಶ್ರುತಿ ಮರೆಯಬೇಡಿ. ಎದುರಿಗಿರುವ ಹಾರ್ಮೋನಿಯಂ ಸರಿಯಾಗಿ 440 ಹರ್ಟ್ಸ್ ಎಂಬ ಸಾಮಾನ್ಯ ಶ್ರುತಿಗೆ ಇರಬೇಕೆಂದಿಲ್ಲ. ಅದರ ರೀಡ್ ಅಲ್ಲೇ ತಿದ್ದಲಾಗುವುದಿಲ್ಲ, ನಮ್ಮ ಪೆಟ್ಟಿಗೆಯೇ ಬಗ್ಗಬೇಕು. ಹಾರ್ಮೋನಿಯಂ ನುಡಿಸುವ ಹಿರಿಯರ ಹತ್ತಿರ, ‘ಸ್ವಲ್ಪ ಕಪ್ಪು ಒಂದು ಹಿಡೀರಿ’ ಎಂದು ಮೊದಲ ಕಪ್ಪು ಮನೆಯ ಸ್ವರ ಕೇಳಿ, ನೀವೂ ಅದನ್ನೇ ಒತ್ತಿ, ಪೆಟ್ಟಿಗೆಯ ಮಾಸ್ಟರ್ ಟ್ಯೂನ್ ತಿರುಗಿಸಿ, ಎರಡು ಸ್ವರಗಳ ನಡುವೆ ಅಲೆಯಂತೆ ಕೇಳುವ ಏರಿಳಿತ ನಿಲ್ಲುವವರೆಗೆ ಸೇರಿಸಿ.

ವೇದಿಕೆಯಲ್ಲಿ ಕೆಲಸ ಕಡಿಮೆ. ಜನರೇಟರ್ ಕರೆಂಟಿಗೆ ನೇರ ಹಾಕದೆ ಚಿಕ್ಕ ಯುಪಿಎಸ್ ನಡುವೆ ಇಡಿ. ಗುಂಯ್ ಎಂಬ ಸದ್ದು ಬಂದರೆ ಪೆಟ್ಟಿಗೆಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಸಾಧನ ಹಾಕಿ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಅದು ಜೀವದ ಪ್ರಶ್ನೆ. ಕೀ ಬಿಟ್ಟರೂ ಸ್ವರ ನಿಲ್ಲದಿದ್ದರೆ ಗಾಬರಿಯಾಗಬೇಡಿ. ಒತ್ತಿದ್ದು, ಬಿಟ್ಟದ್ದು ಎರಡೂ ಮಿಡಿಯಲ್ಲಿ ಬೇರೆ ಬೇರೆ ಸಂದೇಶ, ಎರಡನೆಯದು ಕಳೆದುಹೋಗಿರುತ್ತದೆ. ಎಲ್ಲ ಸ್ವರ ನಿಲ್ಲಿಸುವ ಪ್ಯಾನಿಕ್ ಗುಂಡಿ ಎಲ್ಲಿದೆ ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ. ಕೀಬೋರ್ಡಿನಿಂದ 5ನೆಯ ಪ್ಯಾಚ್ ಒತ್ತಿದರೆ ಪೆಟ್ಟಿಗೆಯಲ್ಲಿ 4 ಎಂದು ಬಂದರೂ ಅದು ಕೆಟ್ಟಿಲ್ಲ. ಮಿಡಿ ಎಣಿಸುವುದು 0ಯಿಂದ 127ರವರೆಗೆ, ಕೆಲವು ಪರದೆಗಳು ತೋರಿಸುವುದು 1ರಿಂದ 128.

ಕಾರ್ಯಕ್ರಮ ಮುಗಿದೊಡನೆ ಮೆನುವಿನಿಂದ ಶಟ್‌ಡೌನ್ ಮಾಡಿ, ಆಮೇಲೆ ತಂತಿ ಎಳೆಯಿರಿ. ಲೈಟಿನವರು ಬಂದು ಬೋರ್ಡ್ ಕಿತ್ತುಕೊಂಡು ಹೋಗುವ ಮೊದಲೇ ಇದಾಗಬೇಕು, ಪೆಟ್ಟಿಗೆ ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ನಮ್ಮ ಉಪ್ಪು ಗಾಳಿಗೆ ಜ್ಯಾಕುಗಳು ಹಸಿರು ಹಿಡಿಯುತ್ತವೆ. ಮಳೆಗಾಲದಲ್ಲಿ ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ವಾರಕ್ಕೊಮ್ಮೆ ತೆಗೆದು ಒಂದು ಗಂಟೆ ನುಡಿಸಿ. ಮೆಮೊರಿ ಕಾರ್ಡಿನ ಇನ್ನೊಂದು ಪ್ರತಿ ಮಾಡಿ, ಅದನ್ನೂ ಒಮ್ಮೆ ಹಾಕಿ ನುಡಿಸಿ ನೋಡಿ, ಹಾಡುಗಳ ಪಟ್ಟಿಯ ಜತೆ ಬ್ಯಾಗಿನಲ್ಲಿಟ್ಟುಕೊಳ್ಳಿ.