ಎಸ್‌ಜಿಪಿಎ ಲೆಕ್ಕ ತಾಳೆಯಾಗದಿದ್ದಾಗ

ತುಮಕೂರಿನಲ್ಲಿ ಪದವಿ ಓದುತ್ತಿರುವ ನನ್ನ ತಂಗಿಯ ಅಂಕಪಟ್ಟಿಯಲ್ಲಿ ಎಸ್‌ಜಿಪಿಎ (ಒಂದು ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) 8.50 ಎಂದಿತ್ತು, ನಾವು ಲೆಕ್ಕ ಹಾಕಿದರೆ 8.80. ಮತ್ತೆ ಡೌನ್‌ಲೋಡ್ ಮಾಡಿ ನೋಡಿದೆವು, ಶೇಕಡಾವಾರನ್ನು ಹತ್ತರಿಂದ ಭಾಗಿಸಿದೆವು, ತಾಳೆಯಾಗಲಿಲ್ಲ. ಮರುಎಣಿಕೆಗೆ ಹಣ ಕಟ್ಟುವುದರಲ್ಲಿದ್ದೆವು.

ತಪ್ಪಿದ್ದದ್ದು ನಮ್ಮ ಸರಾಸರಿಯಲ್ಲಿ. ಗ್ರೇಡ್ ಪಾಯಿಂಟ್ 9, 8, 7, 10, 10 ಕೂಡಿ ಐದರಿಂದ ಭಾಗಿಸಿದ್ದೆವು. ಪಕ್ಕದ ಕಲಮಿನ ಕ್ರೆಡಿಟ್, ಅಂದರೆ ಪ್ರತಿ ವಿಷಯದ ತೂಕ, ನೋಡಿರಲಿಲ್ಲ: 4, 4, 4, 2, 2. ಹತ್ತು ಬಂದ ಎರಡೂ ಪ್ರಾಯೋಗಿಕ ವಿಷಯಗಳು. ಅವುಗಳ ತೂಕ ಅರ್ಧ.

ಮೊದಲು ಗ್ರೇಡ್ ಪಾಯಿಂಟನ್ನು ಕ್ರೆಡಿಟ್‌ನಿಂದ ಸಾಲುಸಾಲಾಗಿ ಗುಣಿಸಿ: 36, 32, 28, 20, 20. ಕೂಡಿದರೆ 136. ಇದನ್ನು ವಿಷಯಗಳ ಸಂಖ್ಯೆಯಿಂದಲ್ಲ, ಒಟ್ಟು ಕ್ರೆಡಿಟ್ 16ರಿಂದ ಭಾಗಿಸಿ: 8.50. ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ) ಬೇಕಾದರೆ ಪ್ರತಿ ಸೆಮಿಸ್ಟರಿನ ಎಸ್‌ಜಿಪಿಎಯನ್ನು ಅದರ ಕ್ರೆಡಿಟ್‌ಗಳಿಂದ ಗುಣಿಸಿ ಕೂಡಿ, ಎಲ್ಲ ಸೆಮಿಸ್ಟರುಗಳ ಒಟ್ಟು ಕ್ರೆಡಿಟ್‌ನಿಂದ ಭಾಗಿಸಿ.